ಸಹಿ ನೋಡುವುದು ಬಿಟ್ಟು ಮಾತ್ರೆ ಎಣಿಸಿದೆ: ವೃದ್ಧಾಶ್ರಮ ತಪಾಸಣೆಯ ನನ್ನ ಅನುಭವ

ಮಾತ್ರೆ ಎಣಿಸಿಯೇ ತಪಾಸಣೆ ಮಾಡುತ್ತೇನೆ ಅಂದಾಗ ಜೊತೆಗಿದ್ದ ಇಬ್ಬರಿಗೂ ಅದು ಹಿಡಿಸಲಿಲ್ಲ. “ನಲವತ್ತು ಜನರ ಡಬ್ಬಿ ಸುರಿದುಕೊಂಡು ಕೂತರೆ ಬೆಳಗಾಗತ್ತೆ ಮೇಡಂ, ಮಾತ್ರೆ ಕೊಟ್ಟಿದ್ದಕ್ಕೆ ಚಾರ್ಟ್‌ನಲ್ಲಿ ಸಹಿ ಇದೆಯಲ್ಲ” ಅಂದರು. ಇವತ್ತು ಬೆಂಗಳೂರಿನ ಬನಶಂಕರಿಯಿಂದ ಹೆಣ್ಣೂರಿನವರೆಗೆ ಹನ್ನೊಂದು ವೃದ್ಧಾಶ್ರಮಗಳು ಎಣಿಸುವುದಕ್ಕೆಂದೇ ನನ್ನನ್ನು ಕರೆಸುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ವರ್ಷ ನಾನೂ ಚಾರ್ಟ್ ನಂಬಿದವಳೇ. ನೂರಿಪ್ಪತ್ತು ಪ್ರಶ್ನೆಯ ಪಟ್ಟಿ ಹಿಡಿದು, ಮೊದಲೇ ಫೋನ್ ಮಾಡಿ ಹೋಗುತ್ತಿದ್ದೆ. ಹೋದರೆ ಫಿನಾಯಿಲ್ ವಾಸನೆ, ಮಡಿಕೆ ಬಿಚ್ಚಿದ ಗುರುತು ಇನ್ನೂ ಹೋಗದ ಹೊಸ ಬೆಡ್‌ಶೀಟು, ತಿಂಗಳಿಡೀ ಒಂದೇ ಪೆನ್ನಿನ ಸಹಿ. ಅಂಥದೊಂದು ಮನೆಗೆ ನೂರಕ್ಕೆ ತೊಂಬತ್ತೆರಡು ಅಂಕ ಕೊಟ್ಟು ಬಂದೆ. ತಿಂಗಳೊಳಗೆ ಅಲ್ಲಿನ ತಾತ ಒಬ್ಬರು ಒಸಡಿನಲ್ಲಿ ರಕ್ತ ಸೋರಿ ಆಸ್ಪತ್ರೆ ಸೇರಿದರು. ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅನ್ನುವ ಅಳತೆ, ಆರು ದಾಟಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ: ಹಳೇ ಡಾಕ್ಟರು ಬರೆದದ್ದು ಒಂದು ಬ್ರ್ಯಾಂಡು, ಡಿಸ್‌ಚಾರ್ಜ್ ಚೀಟಿಯದ್ದು ಇನ್ನೊಂದು. ಎರಡನ್ನೂ ತಪ್ಪದೆ ಕೊಟ್ಟಿದ್ದರು, ಎರಡಕ್ಕೂ ಸಹಿ ಇತ್ತು. ಆ ಚಾರ್ಟನ್ನು ನಾನೇ ನೋಡಿದ್ದೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ತೊಳಸುತ್ತದೆ.

ಆಮೇಲೆ ಮಾತ್ರೆ ಕೊಟ್ಟ ಕೂಡಲೇ ಸಿಸ್ಟರುಗಳು ಟಿಕ್ ಒತ್ತುವ ಆ್ಯಪ್ ಮಾಡಿಸಿದೆ. ಸುಮಾರು 42,000 ರೂಪಾಯಿ ಕೈಬಿಟ್ಟಿತು. ಬೆಳಗ್ಗೆ ಎಂಟಕ್ಕೇ ಇಡೀ ದಿನದ ಟಿಕ್ ಒತ್ತಿ ಮುಗಿಸುತ್ತಿದ್ದರು. ಆ ವರ್ಷ ಓಡಾಟದ ಖರ್ಚೂ ಸೇರಿ ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ನಷ್ಟ.

ಈಗ ಮಾಡುವುದು ಇಷ್ಟೇ. ಒಬ್ಬೊಬ್ಬರ ಡಬ್ಬಿಯನ್ನೂ ಮೇಜಿನ ಮೇಲೆ ಸುರಿದು, ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಔಷಧದ ಹೆಸರಿನಂತೆ ಗುಂಪು ಮಾಡುತ್ತೇನೆ. ಜೋಡಿ ಇದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಹೋದ ಸಲದ ಉಳಿಕೆ, ಮೆಡಿಕಲ್ ಸ್ಟೋರಿನ ಬಿಲ್ಲು, ಇವತ್ತಿನ ಉಳಿಕೆ ಲೆಕ್ಕ ಹಾಕಿ, ಖರ್ಚಾದದ್ದನ್ನು ಸಹಿಗೆ ತಾಳೆ ನೋಡುವುದು. ನಲವತ್ತು ಜನಕ್ಕೆ ಈಗ ಎರಡೂವರೆ ಗಂಟೆ ಸಾಕು. ಎಲ್ಲಕ್ಕಿಂತ ಮೊದಲು ಯಾವ ಮೂರು ಔಷಧ ಎಣಿಸುತ್ತೇನೆ, ಯಾವ ಹೊತ್ತಿಗೆ ಗೇಟು ತಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ಜಯನಗರದ ಒಂದು ಮನೆಯಲ್ಲಿ ಥೈರಾಯ್ಡ್ ಮಾತ್ರೆ ತಿಂಗಳಿಗೆ ಹನ್ನೊಂದು ಹೆಚ್ಚು ಉಳಿದಿತ್ತು. ಬೆಳಗ್ಗೆ ಏಳಕ್ಕೆ ಡ್ಯೂಟಿ ಬದಲಾವಣೆ, ಏಳಕ್ಕೇ ಇಡ್ಲಿ. ಖಾಲಿ ಹೊಟ್ಟೆಯ ಮಾತ್ರೆ ಯಾರ ಕೈಗೂ ಸೇರದೆ ನಡುವೆ ಬಿದ್ದುಹೋಗುತ್ತಿತ್ತು. ಆರು ಗಂಟೆಗೆ ನೈಟ್ ಸಿಸ್ಟರೇ ಕೊಡಲಿ ಅಂದೆ. ಒಂದು ಪೈಸೆ ಖರ್ಚಿಲ್ಲದೆ ಸರಿಹೋಯಿತು. ಇನ್ನೊಂದು ಕಡೆ ಉಲ್ಟಾ: ನಿದ್ದೆ ಬರಿಸುವ ಆಲ್‌ಪ್ರಜೋಲಮ್ ಮಾತ್ರೆ ಸಹಿಯ ಲೆಕ್ಕಕ್ಕಿಂತ ಹದಿನಾಲ್ಕು ಕಮ್ಮಿ ಉಳಿದಿತ್ತು. ರಾತ್ರಿ ಇಪ್ಪತ್ತೆರಡು ಜನಕ್ಕೆ ಒಬ್ಬಳೇ ಹುಡುಗಿ; ಪದೇ ಪದೇ ಎದ್ದು ಕೂರುವ ಅಜ್ಜಿಗೆ ಇನ್ನೊಂದು ಕೊಟ್ಟು ಮಲಗಿಸುತ್ತಿದ್ದಳು. ಅವಳನ್ನು ಬೈದು ಏನು ಸಿಗುತ್ತದೆ? ಇನ್ನೊಬ್ಬರನ್ನು ಇಡಿ ಎಂದು ಮಾಲೀಕರ ಹತ್ತಿರ ಹಟ ಹಿಡಿದೆ. ತಿಂಗಳಿಗೆ ಹದಿನೇಳು ಸಾವಿರ ಎಲ್ಲಿಂದ ತರಲಿ ಅಂದರು. ಆ ಅಜ್ಜಿ ಮಾತ್ರೆಯ ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಎಷ್ಟಾಗುತ್ತದೆ ಎಂದು ಬರೆದು ಮುಂದಿಟ್ಟೆ. ಮುಂದಿನ ತಿಂಗಳು ಇಬ್ಬರಿದ್ದರು.

ಇನ್ಸುಲಿನ್ ಮಾತ್ರ ಎಣಿಕೆಗೆ ಸಿಗುವುದಿಲ್ಲ, ಸಿರಿಂಜ್ ನೋಡಲೇಬೇಕು. ಒಬ್ಬ ಅಮ್ಮನಿಗೆ ಹತ್ತು ಯೂನಿಟ್ ಬರೆದಿದ್ದರು, ಶುಗರ್ ಮುನ್ನೂರರಿಂದ ಇಳಿಯದು. ಡಾಕ್ಟರು ಹದಿನೆಂಟಕ್ಕೆ ಏರಿಸಿದರು. ಇನ್ಸುಲಿನ್ ಬಾಟಲಿ (ವಯಲ್) ಒಂದು ಎಂಎಲ್‌ಗೆ 40 ಯೂನಿಟ್‌ನದ್ದು, ಸಿಸ್ಟರ್ ಕೈಯಲ್ಲಿದ್ದದ್ದು ಎಂಎಲ್‌ಗೆ 100 ಯೂನಿಟ್‌ನದ್ದಕ್ಕೆ ಗೆರೆ ಹಾಕಿದ ಕಿತ್ತಳೆ ಕ್ಯಾಪಿನ ಸಿರಿಂಜ್. ಹತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್, ಹದಿನೆಂಟಕ್ಕೆ ಎಳೆದರೂ ಏಳು ಚಿಲ್ಲರೆ. ಹೊಸಬಳೊಬ್ಬಳು ಬಂದು 40ರದ್ದಕ್ಕೆ ಹೊಂದುವ ಕೆಂಪು ಕ್ಯಾಪಿನ ಸಿರಿಂಜ್‌ನಲ್ಲಿ ಸರಿಯಾಗಿಯೇ ಹದಿನೆಂಟು ಕೊಟ್ಟಳು. ರಾತ್ರಿ ಮೂರಕ್ಕೆ ಅಮ್ಮ ಬೆವೆತು ತೊದಲುತ್ತಿದ್ದರಂತೆ, ಶುಗರ್ 48. ಸಕ್ಕರೆ ನೀರು ಕುಡಿಸಿ ಉಳಿಸಿದ್ದೂ ಅವಳೇ, ಬೈಸಿಕೊಂಡಿದ್ದೂ ಅವಳೇ. ಕಸದ ಡಬ್ಬಿಯಲ್ಲಿ ಕಿತ್ತಳೆ ಕ್ಯಾಪುಗಳನ್ನು ಹುಡುಕಿ ತೋರಿಸಿದ ಮೇಲೆ ಆ ಹುಡುಗಿಯ ಕೆಲಸ ಉಳಿಯಿತು. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಇದರ ಬಗ್ಗೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅತಿ ಹೆಚ್ಚು, ಅತಿ ಕಮ್ಮಿ ಉಷ್ಣತೆ ಎರಡನ್ನೂ ಗುರುತಿಡುವ, ಒಂಬೈನೂರು ರೂಪಾಯಿಯ ಮ್ಯಾಕ್ಸ್-ಮಿನ್ ಥರ್ಮಾಮೀಟರನ್ನು ಅಡುಗೆಮನೆಯ ಫ್ರಿಜ್‌ನಲ್ಲಿಟ್ಟು ಬಂದೆ. ಎರಡರಿಂದ ಎಂಟು ಡಿಗ್ರಿ ಇರಬೇಕಾದಲ್ಲಿ, ಹಿಂದಿನ ಗೋಡೆಗೆ ಒತ್ತಿಟ್ಟಿದ್ದ ಇನ್ಸುಲಿನ್ ಸೊನ್ನೆಗಿಂತ ಕೆಳಗೆ ಹೋಗಿತ್ತು. ಅಷ್ಟನ್ನೂ ಎಸೆಸಿದೆ. ಏಪ್ರಿಲ್‌ನಲ್ಲಿ ನೀರಿನ ಬಾಟಲಿಗಳಿಗೆ ಟೇಪ್ ಅಂಟಿಸಿ ಗೆರೆ ಎಳೆದು ನೋಡಿದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೆಲವರು ಕುಡಿದದ್ದು ಒಂದು ಲೋಟ. ಡೈಪರ್ ಬದಲಿಸುವ ಕೆಲಸ ಹೆಚ್ಚುತ್ತದೆ ಎಂದು ಆಯಾಗಳು ನೀರು ಬೇಕಾ ಎಂದು ಅವರನ್ನು ಕೇಳುತ್ತಲೇ ಇರಲಿಲ್ಲ. ಹನ್ನೊಂದಕ್ಕೆ ಒಂದು, ಮೂರಕ್ಕೆ ಒಂದು ಲೋಟ ನೀರು ಮಜ್ಜಿಗೆ ಗೊತ್ತು ಮಾಡಿಸಿದೆ, ಬಿಪಿ ಇರುವವರಿಗೆ ಉಪ್ಪಿಲ್ಲದೆ.

ಒಂದು ಭೇಟಿಗೆ ಈಗ ಏಳೂವರೆ ಸಾವಿರ ತೆಗೆದುಕೊಳ್ಳುತ್ತೇನೆ. ಚೌಕಾಸಿ ಮಾಡುವವರ ಹತ್ತಿರ ಹೋಗುವುದಿಲ್ಲ.

ಇನ್ನೂ ಕೈಗೆ ಹತ್ತದಿರುವುದು ಅರ್ಧ ಮಾತ್ರೆ. ನೂರೈವತ್ತು ರೂಪಾಯಿಯ ಕಟ್ಟರ್ ಕೊಡಿಸಿದೆ. ಆದರೂ ಪುಡಿಯಾಗಿ ತಿಂಗಳಿಗೆ ಎರಡು ಮೂರು ಲೆಕ್ಕ ತಪ್ಪುತ್ತದೆ. ಕಮ್ಮಿ ಎಂಜಿಯದ್ದು ಸಿಕ್ಕರೆ ಅದನ್ನೇ ಬರೆದುಕೊಡಿ ಎಂದು ಡಾಕ್ಟರಿಗೆ ಚೀಟಿ ಕಳಿಸುತ್ತಿದ್ದೇನೆ. ಸಿಗದ ಮಾತ್ರೆಗಳಿಗೆ ದಾರಿ ಹುಡುಕುತ್ತಿದ್ದೇನೆ.