ಹಳೆಯ ಲಾರಿಯಲ್ಲಿ ಕ್ಲಚ್ ಜಾರುತ್ತಿದ್ದರೆ: ಗೇರ್‌ಬಾಕ್ಸ್ ಇಳಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಟೊಮೆಟೊ ಬಾಕ್ಸ್ ತುಂಬಿಕೊಂಡು ಹೊರಡುವ ಲಾರಿಗಳ ಸಾಲಿನಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳ ಮುಂದೆ ನಿಂತ ಲಾರಿಗಳ ಸಾಲಿನಲ್ಲಿ, ಹದಿನೈದು ವರ್ಷ ದಾಟಿದ ಗಾಡಿಗಳು ಇಂದಿಗೂ ಕಾಣಸಿಗುತ್ತವೆ. ಇಂತಹ ಗಾಡಿಗಳಿಗೆ ಬರುವ ಒಂದು ತೊಂದರೆಯ ಲಕ್ಷಣ ಎಲ್ಲ ಚಾಲಕರಿಗೂ ಗೊತ್ತು: ಸಮತಟ್ಟಾದ ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಏರು ಬಂದ ಕೂಡಲೇ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಬರುವುದಿಲ್ಲ. ಚಾಲಕ "ಪಿಕಪ್ ಇಲ್ಲ" ಎನ್ನುತ್ತಾನೆ, ಗ್ಯಾರೇಜಿನಲ್ಲಿ "ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸೋಣ" ಎನ್ನುತ್ತಾರೆ. ಹಲವು ಸಲ ಆ ಮಾತು ನಿಜವೂ ಆಗಿರುತ್ತದೆ. ಆದರೆ ಪ್ಲೇಟ್ ಸುಟ್ಟದ್ದು ಏಕೆ ಎಂಬುದನ್ನು ಹುಡುಕದೆ ಹೊಸದನ್ನು ಹಾಕಿದರೆ ಹೊಸದೂ ಅದೇ ಕಾರಣಕ್ಕೆ ಸುಡುತ್ತದೆ. ನಾನು ಹಾಗೆ ಒಂದು ಪೂರ್ತಿ ಸೆಟ್ ಕಳೆದುಕೊಂಡವನು. ಆದ್ದರಿಂದ ಗಾಡಿಯ ಕೆಳಗೆ ಜಾಕ್ ಇಡುವ ಮೊದಲು, ಒಂದು ಸ್ಕೇಲು, ಒಂದು ಸ್ಪ್ಯಾನರ್ ಮತ್ತು ಒಂದು ಗಂಟೆಯ ತಾಳ್ಮೆಯಿಂದ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದು ಮೂರು ಪೆಡಲ್ ಇರುವ, ಕೈಯಿಂದ ಗೇರ್ ಬದಲಿಸುವ ಹಳೆಯ ಲಾರಿ ಮತ್ತು ಟೆಂಪೊಗಳಿಗೆ ಅನ್ವಯಿಸುವ ವಿಷಯ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ರೀತಿಯೇ ಬೇರೆ.

ಕ್ಲಚ್ ಹಿಡಿಯುವುದು ಹೇಗೆ ಎಂಬುದು ಮನಸ್ಸಿನಲ್ಲಿದ್ದರೆ ಅದು ಬಿಡುವುದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಎಂಜಿನ್‌ನೊಂದಿಗೆ ತಿರುಗುವ ಫ್ಲೈವೀಲ್‌ಗೂ ಸ್ಪ್ರಿಂಗ್‌ಗಳ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್‌ಗೂ ನಡುವೆ, ಎರಡೂ ಮುಖಗಳಿಗೆ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಇರುವ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಅದರ ನಡುವಿನ ಹಲ್ಲುಗಳು ಗೇರ್‌ಬಾಕ್ಸ್‌ನ ಶಾಫ್ಟ್ ಮೇಲೆ ಕೂತಿರುತ್ತವೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಬಂದು ಪ್ರೆಷರ್ ಪ್ಲೇಟ್‌ನ ಬೆರಳುಗಳನ್ನು (ನಡುವಿಗೆ ಚಾಚಿರುವ ಲಿವರ್‌ಗಳನ್ನು) ಒತ್ತಿ ಹಿಡಿತವನ್ನು ಸಡಿಲಿಸುತ್ತದೆ. ಹಾಗಾಗಿ ಕ್ಲಚ್ ಜಾರುವುದಕ್ಕೆ ಇರುವ ದಾರಿಗಳು ಮೂರೇ: ಒತ್ತುವ ಬಲ ಕುಗ್ಗಿರಬೇಕು, ಇಲ್ಲವೇ ಲೈನಿಂಗ್ ಸವೆದು ಅಥವಾ ಎಣ್ಣೆಯಾಗಿ ಹಿಡಿತ ಕಳೆದುಕೊಂಡಿರಬೇಕು, ಇಲ್ಲವೇ ನಾವು ಪೆಡಲ್ ಬಿಟ್ಟಿದ್ದರೂ ಬೇರಿಂಗ್ ಇನ್ನೂ ಸ್ವಲ್ಪ ಒತ್ತುತ್ತಲೇ ಇರಬೇಕು. ಮೂರನೆಯದರ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅತಿ ಕಡಿಮೆ ಖರ್ಚಿನಲ್ಲಿ ಸರಿಯಾಗುವುದೂ ಅದೇ.

ಮೊದಲಿಗೆ, ಇದು ನಿಜವಾಗಿಯೂ ಜಾರುವಿಕೆಯೇ?

ಎಂಜಿನ್‌ನ ಸದ್ದು ಏರುತ್ತಿದೆಯೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಏರ್ ಫಿಲ್ಟರ್ ಧೂಳಿನಿಂದ ತುಂಬಿದ್ದರೆ, ಟರ್ಬೊದ ಹೋಸ್ ಸೀಳಿದ್ದರೆ ಏರಿನಲ್ಲಿ ವೇಗ ಬೀಳುತ್ತದೆ, ಅದರ ಜೊತೆಯಲ್ಲೇ ಎಂಜಿನ್‌ನ ಸದ್ದೂ ಇಳಿಯುತ್ತದೆ. ಕ್ಲಚ್ ಜಾರುತ್ತಿದ್ದರೆ ವೇಗ ನಿಂತಲ್ಲೇ ನಿಂತು ಸದ್ದು ಮಾತ್ರ ಮೇಲೇರುತ್ತದೆ. ಬ್ರೇಕ್ ಹಿಡಿದುಕೊಂಡಿರುವುದು ಇನ್ನೊಂದು ಗೊಂದಲ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಇಳಿದು ಪ್ರತಿ ಚಕ್ರದ ಡ್ರಮ್ ಹತ್ತಿರ ಅಂಗೈ ತರಬೇಕು, ಮುಟ್ಟಬಾರದು. ಒಂದು ಚಕ್ರ ಮಾತ್ರ ಕೆಂಡದಂತೆ ಕಾದಿದ್ದರೆ ಕ್ಲಚ್‌ನ ಮಾತು ಆಮೇಲೆ. ಗೇರ್ ಹಾಕುವಾಗ ಕರಕರ ಎನ್ನುವುದು ಇದಕ್ಕೆ ತೀರಾ ವಿರುದ್ಧವಾದ ತೊಂದರೆ: ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಇಲ್ಲಿ ಪೂರ್ತಿ ಹಿಡಿಯುತ್ತಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಪೆಡಲ್‌ನ ಪ್ಲೇ, ಅಂದರೆ ತಡೆ ಸಿಗುವ ಮೊದಲಿನ ಸಡಿಲ ಅಂತರ, ತೆಗೆದುಬಿಟ್ಟರೆ ಇಲ್ಲದ ಜಾರುವಿಕೆಯನ್ನು ನಾವೇ ತಂದುಕೊಂಡಂತಾಗುತ್ತದೆ.

ರಸ್ತೆಯ ಮೇಲಿನ ಪರೀಕ್ಷೆಯನ್ನು ಲೋಡು ಇದ್ದಾಗಲೇ ಮಾಡಬೇಕು. ಖಾಲಿ ಗಾಡಿಯಲ್ಲಿ ಅರ್ಧ ಸವೆದ ಪ್ಲೇಟ್ ಕೂಡ ಸುಳಿವು ಕೊಡದೆ ಎಳೆದುಬಿಡುತ್ತದೆ. ಬೆಳಗಿನ ಹೊತ್ತು, ವಾಹನ ದಟ್ಟಣೆ ಇಲ್ಲದ, ತುಸು ಏರಿರುವ ರಸ್ತೆಯಲ್ಲಿ ಟಾಪ್ ಗೇರ್‌ಗೆ ಬಂದು, ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಿಂದ ಆಕ್ಸಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಬೇಕು. ಕೆಳಗಿನ ಗೇರ್‌ಗಳಲ್ಲಿ ಗಾಡಿ ಸುಲಭವಾಗಿ ಮುಂದೆ ಹೋಗಿಬಿಡುವುದರಿಂದ ಕ್ಲಚ್ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ; ಟಾಪ್ ಗೇರ್‌ನಲ್ಲಿ ಮಧ್ಯಮ ವೇಗದಲ್ಲಿ ಎಂಜಿನ್ ತನ್ನ ಪೂರ್ತಿ ಬಲ ಹಾಕಿದಾಗಲೇ ದುರ್ಬಲ ಕ್ಲಚ್ ಸಿಕ್ಕಿಬೀಳುತ್ತದೆ. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಕಿವಿಯೇ ಮೀಟರ್. ಸದ್ದು ಒಮ್ಮೆಗೇ ಜಿಗಿದು, ಸ್ಪೀಡೋಮೀಟರ್ ಮುಳ್ಳು ಅದರ ಹಿಂದೆ ಬಾರದಿದ್ದರೆ ಜಾರುವಿಕೆ ಖಚಿತ. ತಕ್ಷಣ ಕಾಲು ತೆಗೆಯಬೇಕು.

ನಿಲ್ಲಿಸಿ ಮಾಡುವ ಪರೀಕ್ಷೆಯೂ ಒಂದಿದೆ. ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಲಗಾಲನ್ನು ಬ್ರೇಕ್ ಮೇಲೆ ಗಟ್ಟಿಯಾಗಿಟ್ಟು, ನಾಲ್ಕನೆಯ ಗೇರ್ ಹಾಕಿ ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡಬೇಕು. ಗಟ್ಟಿ ಕ್ಲಚ್ ಆದರೆ ಎಂಜಿನ್ ಒದರಿ ನಿಂತುಹೋಗುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಬಹಳವೇ ಹದಗೆಟ್ಟಿದೆ ಎಂದು ಅರ್ಥ. ಈ ಪರೀಕ್ಷೆಯನ್ನು ಒಂದು ಅಥವಾ ಎರಡು ಸಲಕ್ಕಿಂತ ಹೆಚ್ಚು ಮಾಡಬಾರದು, ಏಕೆಂದರೆ ಪ್ರತಿ ಸಲವೂ ಲೈನಿಂಗ್ ಸುಡುತ್ತದೆ. ಇದರಲ್ಲಿ ಎಂಜಿನ್ ನಿಂತಿತು ಎಂದಮಾತ್ರಕ್ಕೆ ಕ್ಲಚ್ ಸರಿಯಿದೆ ಎಂದು ತೀರ್ಮಾನಿಸಲೂಬಾರದು; ಆರಂಭದ ಹಂತದ ಜಾರುವಿಕೆ ಇಲ್ಲಿ ಕಾಣುವುದಿಲ್ಲ, ಲೋಡಿನ ಕೆಳಗೆ ಮಾತ್ರ ಕಾಣುತ್ತದೆ.

ಪೆಡಲ್‌ನ ಪ್ಲೇ

ಜಾರುವಿಕೆ ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಪೆಡಲನ್ನೇ. ಎಂಜಿನ್ ನಿಲ್ಲಿಸಿ, ಸ್ಕೇಲನ್ನು ನೆಲಕ್ಕೆ ಊರಿ ಪೆಡಲ್ ಪಕ್ಕದಲ್ಲಿ ಹಿಡಿದು, ಪೆಡಲನ್ನು ಕಾಲಿನಿಂದಲ್ಲದೆ ಕೈಯಿಂದ ಒತ್ತಬೇಕು, ಏಕೆಂದರೆ ಸಣ್ಣ ತಡೆ ಕಾಲಿಗೆ ತಿಳಿಯುವುದಿಲ್ಲ. ಮೊದಲು ಸಡಿಲವಾಗಿ ಇಳಿದು, ಒಂದು ಹಂತದಲ್ಲಿ ತಡೆ ಸಿಗುತ್ತದೆ; ಅಲ್ಲಿಯವರೆಗಿನ ಅಂತರವೇ ಪ್ಲೇ. ರಾಡು ಅಥವಾ ಕೇಬಲ್ ಇರುವ ಲಾರಿಗಳಲ್ಲಿ ಇದು ಸುಮಾರು ಎರಡು ಬೆರಳ ಅಗಲ, ಅಂದರೆ 30 ಮಿಲಿಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯೇ ಅಂತಿಮ. ಲೈನಿಂಗ್ ಸವೆದಂತೆ ಈ ಪ್ಲೇ ಹೆಚ್ಚುತ್ತದೆ ಎಂದು ಹಲವರು ಭಾವಿಸುತ್ತಾರೆ, ನಡೆಯುವುದು ಅದರ ವಿರುದ್ಧ. ಪ್ಲೇಟ್ ತೆಳುವಾದಾಗ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಅದರ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ, ಪ್ಲೇ ದಿನೇ ದಿನೇ ಕರಗುತ್ತದೆ. ಅದು ಸೊನ್ನೆಯಾದ ದಿನದಿಂದ ಬೇರಿಂಗ್ ಬೆರಳುಗಳಿಗೆ ತಾಗಿಕೊಂಡೇ ತಿರುಗುತ್ತದೆ. ನಾವು ಕಾಲಿಡದಿದ್ದರೂ ಗಾಡಿ ಸದಾ ಅರ್ಧ ಕ್ಲಚ್‌ನಲ್ಲಿ ಓಡಿದಂತೆ. ಆಗ ರಾಡಿನ ನಟ್ ತಿರುಗಿಸಿ ಪ್ಲೇ ಮರಳಿ ಕೊಟ್ಟು, ಅದೇ ರಸ್ತೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಜಾರುವಿಕೆ ಹೋದರೆ ಆ ದಿನದ ಕೆಲಸ ಮುಗಿಯಿತು. ಥ್ರೆಡ್ ಪೂರ್ತಿ ಮುಗಿದು ಇನ್ನು ಕೊಡಲು ಪ್ಲೇಯೇ ಉಳಿದಿಲ್ಲವಾದರೆ ಪ್ಲೇಟ್ ಆಯುಷ್ಯ ತೀರಿದೆ ಎಂದು ಗೇರ್‌ಬಾಕ್ಸ್ ಬಿಚ್ಚದೆಯೇ ಹೇಳಬಹುದು.

ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುವ ಕ್ಲಚ್

ಮೇಲೆ ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಕೆಳಗೆ ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಇರುವ ಗಾಡಿಗಳಲ್ಲಿ ಪೆಡಲ್‌ನ ಪ್ಲೇ ಸವೆತವನ್ನು ತೋರಿಸದೆಯೂ ಇರಬಹುದು. ನಾನು ಸೆಟ್ ಕಳೆದುಕೊಂಡದ್ದು ಇಂತಹ ಗಾಡಿಯಲ್ಲಿಯೇ. ಜಾರುತ್ತದೆ ಎಂದು ಒಂದು ಗ್ಯಾರೇಜಿನಲ್ಲಿ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸಿದ್ದರು. ನಾಲ್ಕು ತಿಂಗಳು ತುಂಬುವುದರೊಳಗೆ, ಟೊಮೆಟೊ ಹೊತ್ತು ಮುಳಬಾಗಿಲು ದಾಟಿ ನಂಗಲಿಯ ಕಡೆಗೆ ಹೋಗುತ್ತಿದ್ದಾಗ, ಒಂದು ಏರಿನಲ್ಲಿ ಸುಟ್ಟ ಲೈನಿಂಗ್‌ನ ಅದೇ ವಾಸನೆ ಕ್ಯಾಬಿನ್ ಒಳಗೆ ಬಂತು. ಮುಂದೆ ಪಲಮನೇರು ದಾಟಿದರೆ ಮೊಗಿಲಿ ಘಾಟ್; ಅಲ್ಲಿ ಇಂತಹ ಗಾಡಿ ಇಳಿಸುವ ಧೈರ್ಯ ನನಗೆ ಬರಲಿಲ್ಲ. ರಸ್ತೆ ಬದಿಯ ಹಿರಿಯ ಮೇಸ್ತ್ರಿಯೊಬ್ಬರು ಕೆಳಗೆ ಮಲಗಿ, ಸ್ಲೇವ್ ಸಿಲಿಂಡರ್‌ನಲ್ಲಿ ಗಾಳಿ ತೆಗೆಯಲು ಇರುವ ಬ್ಲೀಡಿಂಗ್ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿದರು. ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ, ಆದರೂ ಆಯಿಲ್ ದಾರದಂತೆ ಚಿಮ್ಮಿ ಚಾಸಿಗೆ ಬಡಿಯಿತು. ನಿಪ್ಪಲ್ ಬಿಗಿದು ಗಾಡಿ ತೆಗೆದರೆ ಅದೇ ಏರನ್ನು ಜಾರದೆ ಹತ್ತಿತು. ಹತ್ತಿಪ್ಪತ್ತು ಸಲ ಕ್ಲಚ್ ಒತ್ತಿದ ಮೇಲೆ ಮತ್ತೆ ಜಾರತೊಡಗಿತು.

ಅವರು ತೋರಿಸಿದ ಕಾರಣ ಹೀಗಿತ್ತು. ಪೆಡಲ್ ಬಿಟ್ಟಾಗ ಆಯಿಲ್ ಡಬ್ಬಿಗೆ ಹಿಂದಿರುಗಲು ಮಾಸ್ಟರ್ ಸಿಲಿಂಡರ್‌ನಲ್ಲಿ ಸೂಜಿ ಮೊನೆಯಷ್ಟು ಸಣ್ಣ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ, ಅಥವಾ ಒಳಗಿನ ರಬ್ಬರ್ ಊದಿ ಅದನ್ನು ಮುಚ್ಚಿದರೆ, ಒತ್ತಡ ಒಳಗೇ ಉಳಿದು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿರುತ್ತದೆ. ನನ್ನ ಗಾಡಿಯ ಡಬ್ಬಿಯ ಮುಚ್ಚಳ ತೆಗೆದು ನೋಡಿದಾಗ ಒಳಗಿನ ರಬ್ಬರ್ ಊದಿ, ಅಂಚು ಮಡಿಸಿಕೊಂಡು, ಮುಚ್ಚಳದಲ್ಲಿ ಮರಳಿ ಕೂರದಂತಾಗಿತ್ತು. ಯಾರೋ ಬ್ರೇಕ್ ಆಯಿಲ್ ಬದಲಿಗೆ ಎಂಜಿನ್ ಆಯಿಲ್ ಸುರಿದಿದ್ದರು. ಬ್ರೇಕ್ ಆಯಿಲ್‌ಗೆ ತಕ್ಕಂತೆ ಮಾಡಿದ ರಬ್ಬರ್ ಎಂಜಿನ್ ಆಯಿಲ್ ತಾಗಿದರೆ ಊದುತ್ತದೆ. ಹಾಗಾದ ಮೇಲೆ ಆಯಿಲ್ ಬದಲಿಸಿದರೆ ಸಾಲದು, ಎರಡೂ ಸಿಲಿಂಡರ್‌ಗಳ ರಬ್ಬರ್ ಕಿಟ್, ಹೋಸ್ ಎಲ್ಲವನ್ನೂ ಹೊಸದಾಗಿ ಹಾಕಿ, ಪೈಪನ್ನು ತೊಳೆದು, ಡಬ್ಬಿಯ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆಯಬೇಕು. ಸುಟ್ಟ ಪ್ಲೇಟಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ನಿಪ್ಪಲ್ ಪರೀಕ್ಷೆ ಮಾಡುವವರು ಕಣ್ಣನ್ನು ದೂರವಿಡಬೇಕು, ಬಟ್ಟೆ ಅಡ್ಡ ಹಿಡಿಯಬೇಕು. ಬ್ರೇಕ್ ಆಯಿಲ್ ಕಣ್ಣಿಗೂ ಬಣ್ಣಕ್ಕೂ ಒಳ್ಳೆಯದಲ್ಲ. ಪೆಡಲ್‌ನ ರಿಟರ್ನ್ ಸ್ಪ್ರಿಂಗ್ ಸೋತಿದ್ದರೆ ಅಥವಾ ಮಾಸ್ಟರ್ ಸಿಲಿಂಡರ್‌ನ ಪುಷ್ ರಾಡ್ ಬಿಗಿಯಾಗಿ ಹೊಂದಿಸಿದ್ದರೆ ಕೂಡ ಇದೇ ಫಲ ಬರುತ್ತದೆ, ಅವನ್ನು ಮೊದಲು ನೋಡಿ. ಕ್ಲಚ್ ಒತ್ತಲು ನೆರವಾಗುವ ಗಾಳಿಯ ಬೂಸ್ಟರ್ ಇರುವ ದೊಡ್ಡ ಲಾರಿಗಳಲ್ಲಿ ಬೂಸ್ಟರ್ ಪೂರ್ತಿ ಹಿಂದಿರುಗುತ್ತಿದೆಯೇ ಎಂದು ಒಬ್ಬರು ಪೆಡಲ್ ಒತ್ತಿ ಬಿಡುವಾಗ ಇನ್ನೊಬ್ಬರು ಕೆಳಗಿನಿಂದ ಗಮನಿಸಬೇಕು.

ಎಣ್ಣೆಯ ಗುರುತು

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಬೆಲ್ ಹೌಸಿಂಗ್‌ನ ತಳದಲ್ಲಿ ಸಣ್ಣ ತೂತು ಇರುತ್ತದೆ. ಒಳಗೆ ಎಣ್ಣೆ ಸೋರಿದರೆ ಹೊರಗೆ ಗೊತ್ತಾಗಲೆಂದೇ ಅದನ್ನು ಇಟ್ಟಿರುತ್ತಾರೆ. ನಮ್ಮ ಕಡೆಯ ಕೆಂಪು ಧೂಳು ಮತ್ತು ಗ್ರೀಸ್ ಸೇರಿ ಅದು ಮುಚ್ಚಿಹೋಗಿರುವುದೇ ಹೆಚ್ಚು, ಆದ್ದರಿಂದ ತಂತಿಯಿಂದ ಬಿಡಿಸಿ, ಎಂಜಿನ್ ನಿಲ್ಲಿಸಿದ ಸ್ಥಿತಿಯಲ್ಲಿಯೇ ಕಿರುಬೆರಳ ತುದಿಯಿಂದ ಅಂಚನ್ನು ಸವರಿ ನೋಡಿ. ಕಪ್ಪಗೆ, ತೆಳ್ಳಗೆ ಇದ್ದರೆ ಎಂಜಿನ್ ಹಿಂಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಜೇನಿನಂತೆ ದಪ್ಪಗಿದ್ದು ಗಂಧಕದ ಘಾಟು ಬಂದರೆ ಗೇರ್‌ಬಾಕ್ಸ್‌ನ ಮುಂದಿನ ಸೀಲ್. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ ಮತ್ತೆ ಹಾಕುವ ರೂಢಿ ಇದೆ; ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುವುದರಿಂದ ಆ ಶ್ರಮ ವ್ಯರ್ಥ. ಸೀಲ್ ಮತ್ತು ಪ್ಲೇಟ್ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಗೇರ್‌ಬಾಕ್ಸ್ ಇಳಿಸಲೇಬೇಕಾದಾಗ

ಮೇಲಿನ ಎಲ್ಲವೂ ಸರಿಯಿದ್ದೂ ಜಾರುತ್ತಿದ್ದರೆ ಇಳಿಸಲೇಬೇಕು. ಗೇರ್‌ಬಾಕ್ಸ್‌ನ ಭಾರ ಒಂದು ಕ್ಷಣವೂ ಕ್ಲಚ್ ಪ್ಲೇಟ್ ಮೇಲೆ ನೇತಾಡಬಾರದು, ಅದರಿಂದ ಪ್ಲೇಟಿನ ನಡುಭಾಗ ಬಾಗುತ್ತದೆ. ಜಾಕ್ ಕೊಟ್ಟು ನೇರವಾಗಿ ಹಿಂದಕ್ಕೆ ಎಳೆಯಬೇಕು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹಿಂದಿರುಗಿ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಗ್ಯಾರೇಜಿನ ಹುಡುಗರಿಗೂ ಹಾಗೆಯೇ ಮಾಡಲು ಹೇಳಿ.

ಪ್ಲೇಟ್ ಕೈಗೆ ಬಂದ ಮೇಲೆ ಅದೇ ಎಲ್ಲ ಹೇಳುತ್ತದೆ. ರಿವೆಟ್ ತಲೆಗಳು ಲೈನಿಂಗ್‌ನ ಮಟ್ಟಕ್ಕೆ ಬಂದಿದ್ದರೆ, ಅಥವಾ ಅವುಗಳ ಆಳ 0.3 ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಪ್ಲೇಟ್ ಮುಗಿದಿದೆ. ದಪ್ಪ ಚೆನ್ನಾಗಿದ್ದೂ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಒತ್ತಡ ಸಾಲದೆ ಜಾರಿ ಸುಟ್ಟಿದೆ. ಆಗ ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗ್‌ಗಳನ್ನು, ಇಲ್ಲವೇ ಮೇಲೆ ಹೇಳಿದ ಬೇರಿಂಗ್ ಒತ್ತಡವನ್ನು ಅನುಮಾನಿಸಬೇಕು. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯಂತಹ ಬಿರುಕು ಕಂಡರೆ ಲೇತ್‌ಗೆ ಕಳಿಸಬೇಕು. ಆಳವಾದ ಬಿರುಕಿದ್ದರೆ ಫ್ಲೈವೀಲ್ ಬದಲಿಸುವುದೇ ಸರಿ. ಪ್ರೆಷರ್ ಪ್ಲೇಟ್ ಕೂರುವ ಅಂಚು ಬೇರೆ ಮಟ್ಟದಲ್ಲಿರುವ ಫ್ಲೈವೀಲ್‌ನಲ್ಲಿ ಉಜ್ಜುವ ಮುಖವನ್ನು ಮಾತ್ರ ತೆಗೆದು ಅಂಚನ್ನು ಬಿಟ್ಟರೆ ಸ್ಪ್ರಿಂಗ್‌ನ ಒತ್ತುವ ಬಲ ಕುಗ್ಗುತ್ತದೆ. ಎರಡನ್ನೂ ಸಮನಾಗಿ ತೆಗೆಯಬೇಕೆಂದು ಲೇತ್‌ನವರಿಗೆ ಬಾಯಿ ಬಿಟ್ಟು ಹೇಳಬೇಕು.

ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ ರಿವೆಟ್ ಹೊಡೆಸುವುದು ಅಗ್ಗ. ಊರೊಳಗೆ ಹಗುರ ಲೋಡು ಹೊರುವ ಗಾಡಿಗೆ, ಪ್ಲೇಟಿನ ಹಲ್ಲು ಮತ್ತು ಸ್ಪ್ರಿಂಗ್ ಗಟ್ಟಿಯಿದ್ದರೆ, ಅದನ್ನು ನಾನು ಒಪ್ಪುತ್ತೇನೆ. ಘಾಟ್ ಹತ್ತುವ ಗಾಡಿಗೆ ಒಪ್ಪುವುದಿಲ್ಲ. ಜೋಡಿಸುವಾಗ ಪ್ಲೇಟ್ ಮೇಲೆ ಬರೆದಿರುವ ಫ್ಲೈವೀಲ್ ಬದಿಯನ್ನು ನೋಡಿ ಹಾಕಿ, ಹಳೆಯ ಗೇರ್ ಶಾಫ್ಟ್ ತುಂಡಿನಿಂದ ಮಧ್ಯಕ್ಕೆ ತಂದು, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹಲ್ಲುಗಳಿಗೆ ಗ್ರೀಸ್ ಸವರಿದಂತೆ ಇರಲಿ, ಹೆಚ್ಚಾದರೆ ಅದೇ ಹಾರಿ ಲೈನಿಂಗ್ ಮೇಲೆ ಬೀಳುತ್ತದೆ.

ಗಾಡಿ ಹೊರಬಂದ ದಿನ ಪೆಡಲ್‌ನ ಪ್ಲೇ ಅಳೆದು ಆ ಅಂಕಿಯನ್ನು ಟ್ರಿಪ್ ಬುಕ್ಕಿನಲ್ಲಿ ಬರೆದಿಡಿ. ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಲೋಡು ಹಾಕದೆ ಲೈನಿಂಗ್ ಕೂರಲು ಬಿಡಿ, ಏರಿನಲ್ಲಿ ನಿಂತಾಗ ಗಾಡಿಯನ್ನು ಕ್ಲಚ್‌ನಿಂದ ಹಿಡಿಯದೆ ಬ್ರೇಕ್‌ನಿಂದಲೇ ಹಿಡಿಯಲು ಚಾಲಕರಿಗೆ ತಿಳಿಸಿ. ಆಮೇಲೆ ಮೊದಲು ಪರೀಕ್ಷೆ ಮಾಡಿದ ಅದೇ ರಸ್ತೆಗೆ, ಅಷ್ಟೇ ಲೋಡಿನೊಂದಿಗೆ ಹೋಗಿ, ಟಾಪ್ ಗೇರ್‌ನಲ್ಲಿ 40ರ ವೇಗದಿಂದ ಆಕ್ಸಲರೇಟರ್ ಒತ್ತಿ ಕಿವಿಗೊಟ್ಟು ಕೇಳಿ.