ಎಂಜಿ ಬೇರೆ, ಎಂಎಲ್ ಬೇರೆ: ಔಷಧ ಕೌಂಟರಿನ ಲೆಕ್ಕಗಳು

ಪ್ಯಾರಾಸಿಟಮಾಲ್‌ನ ಮೂರು ಬಾಟಲಿಗಳು ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ ಇರುತ್ತವೆ. ಒಂದರ ಮೇಲೆ 5 ಎಂಎಲ್‌ಗೆ 125 ಎಂಜಿ ಎಂದಿರುತ್ತದೆ, ಇನ್ನೊಂದರ ಮೇಲೆ 5 ಎಂಎಲ್‌ಗೆ 250 ಎಂಜಿ. ಡ್ರಾಪರ್ ಇರುವ 15 ಎಂಎಲ್‌ನ ಪುಟ್ಟ ಬಾಟಲಿಯ ಮೇಲೆ 1 ಎಂಎಲ್‌ಗೆ 100 ಎಂಜಿ. ಎಳೆಮಕ್ಕಳಿಗೆ ಕೊಡುವುದು, ಬಾಟಲಿಯೂ ಚಿಕ್ಕದು, ಹಾಗಾಗಿ ಇದೇ ಎಲ್ಲಕ್ಕಿಂತ ಸೌಮ್ಯ ಎಂದು ಮನೆಯವರು ತಿಳಿಯುತ್ತಾರೆ. ಕೌಂಟರಿಗೆ ಹೊಸಬರಾದವರೂ ಹಾಗೇ ತಿಳಿಯುವುದುಂಟು. ಆದರೆ ಒಂದೊಂದು ಎಂಎಲ್‌ಗೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 25 ಎಂಜಿ, ಎರಡನೆಯದರಲ್ಲಿ 50, ಡ್ರಾಪ್ಸ್‌ನಲ್ಲಿ 100. ಮೂರರಲ್ಲಿ ಅತಿ ಗಟ್ಟಿ ಇರುವುದು ಡ್ರಾಪ್ಸೇ.

12 ಕೆಜಿ ತೂಕದ ಮಗುವಿಗೆ ವೈದ್ಯರು ಕೆಜಿಗೆ 15 ಎಂಜಿಯಂತೆ ಬರೆದಿದ್ದಾರೆ ಎನ್ನೋಣ. ಒಂದು ಸಲಕ್ಕೆ 180 ಎಂಜಿ ಬೇಕು. ಇಲ್ಲಿಂದ ಮುಂದೆ ಶಾಲೆಯಲ್ಲಿ ಕಲಿತ ತ್ರೈರಾಶಿ ಸಾಕು: ಬೇಕಾದ ಎಂಜಿಯನ್ನು ಲೇಬಲ್ಲಿನ ಎಂಜಿಯಿಂದ ಭಾಗಿಸಿ, ಲೇಬಲ್ಲಿನ ಎಂಎಲ್‌ನಿಂದ ಗುಣಿಸಿ.

125ರ ಸಿರಪ್: 180 ÷ 125 × 5 = 7.2 ಎಂಎಲ್
250ರ ಸಿರಪ್: 180 ÷ 250 × 5 = 3.6 ಎಂಎಲ್
ಡ್ರಾಪ್ಸ್: 180 ÷ 100 × 1 = 1.8 ಎಂಎಲ್

ಈಗ 125ರ ಸಿರಪ್ಪಿಗೆ ಹಾಕಿದ 7.2 ಎಂಎಲ್ ಎಂಬ ಉತ್ತರವನ್ನೇ ಇಟ್ಟುಕೊಂಡು ಡ್ರಾಪ್ಸ್ ಬಾಟಲಿ ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 720 ಎಂಜಿ, ಅಂದರೆ ಕೆಜಿಗೆ 60 ಎಂಜಿ. 24 ಗಂಟೆಯಲ್ಲಿ ನಾಲ್ಕು ಸಲ ಸೇರಿಸಿ ಕೊಡಬಹುದಾದ ಪೂರ್ತಿ ಮಿತಿಯನ್ನು ಮಗು ಒಂದೇ ಸಲಕ್ಕೆ ಕುಡಿದಂತಾಯಿತು. ಆರು ಗಂಟೆ ಬಿಟ್ಟು ಅಷ್ಟನ್ನೇ ಮತ್ತೆ ಕೊಡುತ್ತಾರೆ. ಯಕೃತ್ತಿಗೆ ಪೆಟ್ಟು ಬೀಳುವುದು ಹೀಗೆ. ಇದರಲ್ಲಿ ಗುಣಾಕಾರ, ಭಾಗಾಕಾರ ಎಲ್ಲೂ ತಪ್ಪಿಲ್ಲ; ಬಾಟಲಿ ಬದಲಾದಾಗ ಲೆಕ್ಕ ಬದಲಾಗಲಿಲ್ಲ, ಅಷ್ಟೇ. ಆದ್ದರಿಂದ ಸ್ಟಾಕ್ ಇಲ್ಲವೆಂದು ಬೇರೆ ಬ್ರ್ಯಾಂಡ್ ತೆಗೆದ ಕ್ಷಣವೇ ಹಳೆಯ ಎಂಎಲ್ ಅನ್ನು ಮರೆತು, ಮೊದಲಿಂದ ಲೆಕ್ಕ ಹಾಕಿ. ಚೀಟಿಯಲ್ಲಿ ಬರೀ ‘5 ಎಂಎಲ್, ಮೂರು ಸಲ’ ಎಂದಿದ್ದು ಯಾವ ಶಕ್ತಿಯ ಸಿರಪ್ ಎಂದು ಇಲ್ಲದಿದ್ದರೆ ಊಹಿಸಬೇಡಿ. ಬರೆದವರಿಗೆ ಫೋನ್ ಮಾಡಿ ಕೇಳಿ.

ಉತ್ತರ ಬಂದಮೇಲೆ ಹಿಂದುಮುಂದಾಗಿ ಒಮ್ಮೆ ನೋಡುವುದು ಒಳ್ಳೆಯ ಅಭ್ಯಾಸ. 7.2 ಎಂಎಲ್ ಅಳೆಯುವುದು ಕಷ್ಟವೆಂದು ವೈದ್ಯರ ಒಪ್ಪಿಗೆಯಿಂದ 7 ಮಾಡಿದಿರಿ. 7 × 25 = 175 ಎಂಜಿ, ಅದನ್ನು 12ರಿಂದ ಭಾಗಿಸಿದರೆ ಕೆಜಿಗೆ 14.6. ಪ್ಯಾರಾಸಿಟಮಾಲ್‌ನ ಸಾಮಾನ್ಯ ಡೋಸಾದ ಕೆಜಿಗೆ 10ರಿಂದ 15 ಎಂಜಿಯ ಒಳಗೇ ಇದೆ, ಸರಿ. ತೂಕದ ಮೇಲೂ ಒಂದು ಕಣ್ಣಿರಲಿ: ಒಂದು ವರ್ಷದ ಮಗು ಸುಮಾರು 9–10 ಕೆಜಿ ತೂಗುತ್ತದೆ. ಒಂದು ವರ್ಷದ ಮಗುವಿನ ಚೀಟಿಯಲ್ಲಿ 19 ಕೆಜಿ ಎಂದಿದ್ದರೆ ಲೆಕ್ಕಕ್ಕೆ ಕೂರುವ ಮೊದಲು ಮಗುವನ್ನೇ ತೂಕದ ಯಂತ್ರದ ಮೇಲೆ ಇಡಿಸಿ.

ಇನ್ನು ಎಷ್ಟು ಬಾಟಲಿ ಬೇಕು? 7 ಎಂಎಲ್‌ನಂತೆ ನಾಲ್ಕು ಸಲ, ಮೂರು ದಿನ ಎಂದರೆ 84 ಎಂಎಲ್. 60 ಎಂಎಲ್‌ನ ಎರಡು ಬಾಟಲಿ. 250ರ ಸಿರಪ್ ಆದರೆ 3.5 × 4 × 3 = 42 ಎಂಎಲ್, ಒಂದೇ ಬಾಟಲಿ ಸಾಕು. ಮಗು ಕುಡಿಯಬೇಕಾದದ್ದೂ ಅರ್ಧವಾಗುತ್ತದೆ.

ಡ್ರೈ ಸಿರಪ್: ದಿನಕ್ಕೋ, ಡೋಸಿಗೋ

ಡ್ರೈ ಸಿರಪ್ ಎಂದರೆ ಬಾಟಲಿಯಲ್ಲಿ ಪುಡಿಯಾಗಿ ಬಂದು, ನೀರು ಬೆರೆಸಿ ಕೊಡುವ ಔಷಧ. ಆ್ಯಂಟಿಬಯಾಟಿಕ್‌ಗಳಲ್ಲಿ ಡೋಸನ್ನು ಹೆಚ್ಚಾಗಿ ಇಡೀ ದಿನಕ್ಕೆ ಹೇಳಿ, ಆಮೇಲೆ ಭಾಗ ಮಾಡುತ್ತಾರೆ. ‘ಅಮಾಕ್ಸಿಸಿಲಿನ್, ದಿನಕ್ಕೆ ಕೆಜಿಗೆ 45 ಎಂಜಿ, ಎರಡು ಭಾಗವಾಗಿ, 7 ದಿನ’ ಎಂದಿದೆ, ಮಗು 10 ಕೆಜಿ. ದಿನಕ್ಕೆ 450 ಎಂಜಿ, ಒಂದು ಸಲಕ್ಕೆ 225. ‘ಎರಡು ಭಾಗವಾಗಿ’ ಎಂಬುದನ್ನು ಬಿಟ್ಟು ಓದಿದರೆ 450 ಎಂಜಿಯನ್ನೇ ಎರಡು ಸಲ ಕೊಟ್ಟು ಇಮ್ಮಡಿ ಆಗುತ್ತದೆ. 5 ಎಂಎಲ್‌ಗೆ 250 ಎಂಜಿ ಇರುವ ಬಾಟಲಿಯಾದರೆ ಒಂದು ಸಲಕ್ಕೆ 4.5 ಎಂಎಲ್, ದಿನಕ್ಕೆ 9, ಏಳು ದಿನಕ್ಕೆ 63 ಎಂಎಲ್. ಬಾಟಲಿ 60 ಎಂಎಲ್‌ನದು. ಒಂದೇ ಬಾಟಲಿ ಕೊಟ್ಟು ಕಳಿಸಿದರೆ ಕೊನೆಯ ಡೋಸಿಗೆ ಔಷಧ ಸಾಲುವುದಿಲ್ಲ. 60 ಎಂಎಲ್‌ನ ಜೊತೆಗೆ 30 ಎಂಎಲ್‌ನದೊಂದನ್ನು ಕೊಡಿ, ಮೊದಲನೆಯದು ಮುಗಿಯುವವರೆಗೆ ಎರಡನೆಯದಕ್ಕೆ ನೀರು ಬೆರೆಸಬೇಡಿ ಎಂದು ಹೇಳಿ.

ನೀರು ಬೆರೆಸುವ ವಿಧಾನವನ್ನು ಬಾಯಲ್ಲಿ ಹೇಳುವುದಕ್ಕಿಂತ ಬಾಟಲಿ ಹಿಡಿದು ತೋರಿಸುವುದು ಮೇಲು. ಮೊದಲು ಮುಚ್ಚಿದ ಬಾಟಲಿಯನ್ನು ಅಂಗೈಗೆ ತಟ್ಟಿ ತಳದಲ್ಲಿ ಗಟ್ಟಿಕಟ್ಟಿದ ಪುಡಿಯನ್ನು ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿಯುವವರೆಗೆ ಕಾದು, ಗುರುತಿನ ಗೆರೆಯವರೆಗೆ ನೀರು ತುಂಬಿ ಮತ್ತೆ ಕುಲುಕಿ. ನೊರೆ ಇರುವಾಗಲೇ ಗೆರೆ ನೋಡಿದರೆ ನೀರು ಕಡಿಮೆ ಬೀಳುತ್ತದೆ, ಔಷಧ ಗಟ್ಟಿಯಾಗುತ್ತದೆ. ಪ್ಯಾಕಿನಲ್ಲೇ ಸ್ಟೆರೈಲ್ ನೀರು ಬಂದಿದ್ದರೆ ಅದನ್ನೇ ಬಳಸಬೇಕು.

‘60 ಎಂಎಲ್ ಬಾಟಲಿ ಅಲ್ಲವೇ, 60 ಎಂಎಲ್ ನೀರು ಹಾಕಿದರಾಯಿತು’ ಎನ್ನುವುದು ತಪ್ಪು. ಪುಡಿಯೂ ಜಾಗ ಹಿಡಿಯುತ್ತದೆ. ಅದು 8 ಎಂಎಲ್‌ನಷ್ಟು ಜಾಗ ಹಿಡಿಯುತ್ತದೆ ಎಂದುಕೊಂಡರೆ ಬಾಟಲಿಯಲ್ಲಿ ಆಗುವುದು 68 ಎಂಎಲ್. ಒಳಗಿರುವ 3000 ಎಂಜಿ ಅಷ್ಟರಲ್ಲಿ ಹರಡಿದಾಗ 5 ಎಂಎಲ್‌ಗೆ 250ರ ಬದಲು ಸುಮಾರು 220 ಎಂಜಿ ಮಾತ್ರ ಸಿಗುತ್ತದೆ. ಬೆರೆಸಿದ ದಿನಾಂಕವನ್ನು ಲೇಬಲ್ಲಿನ ಮೇಲೆ ಬರೆಯಿರಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದರೆ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳದೆ ಆ ಬಾಟಲಿ ಕೊಡಬೇಡಿ.

ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಂಥ ಜೋಡಿ ಔಷಧಗಳಲ್ಲಿ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಎರಡರ ಮೊತ್ತ. 228.5 ಎಂದರೆ 200 ಅಮಾಕ್ಸಿಸಿಲಿನ್, 28.5 ಕ್ಲಾವುಲನಿಕ್ ಆ್ಯಸಿಡ್. 457 ಎಂದರೆ 400 ಮತ್ತು 57. ವೈದ್ಯರು ಕೆಜಿಗೆ ಇಷ್ಟು ಎನ್ನುವುದು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಭಾಗವನ್ನು. ಮಾತ್ರೆಯಲ್ಲೂ ಇದೇ ತೊಡಕು: 625ರಲ್ಲಿ 500 + 125, 375ರಲ್ಲಿ 250 + 125. 625 ಇಲ್ಲವೆಂದು 375ರ ಎರಡು ಮಾತ್ರೆ ಕೊಟ್ಟರೆ ಅಮಾಕ್ಸಿಸಿಲಿನ್ 500 ಆಗುತ್ತದೆ ನಿಜ, ಆದರೆ ಕ್ಲಾವುಲನಿಕ್ ಆ್ಯಸಿಡ್ 125ರ ಬದಲು 250 ಆಗುತ್ತದೆ. ಹೊಟ್ಟೆ ಕೆಡುವುದು ಅದರಿಂದಲೇ.

ಇನ್ಸುಲಿನ್: 40 ಮತ್ತು 100

ನಮ್ಮ ದೇಶದಲ್ಲಿ ವಯಲ್‌ನ (ಸಿರಿಂಜಿನಿಂದ ಎಳೆಯುವ ಪುಟ್ಟ ಬಾಟಲಿಯ) ಇನ್ಸುಲಿನ್ ಬಹುಪಾಲು 1 ಎಂಎಲ್‌ಗೆ 40 ಯುನಿಟ್, ಪೆನ್ ಕಾರ್ಟ್ರಿಜ್‌ನದು 1 ಎಂಎಲ್‌ಗೆ 100 ಯುನಿಟ್. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಇನ್ಸುಲಿನ್ ಅನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂಎಲ್, ಅಂದರೆ 8 ಯುನಿಟ್, ಸಕ್ಕರೆ ಇಳಿಯುವುದಿಲ್ಲ. ಉಲ್ಟಾ ಆದರೆ ಪ್ರಾಣಕ್ಕೇ ಅಪಾಯ: 100ರ ಇನ್ಸುಲಿನ್ ಕೆಂಪು ಸಿರಿಂಜಿನ 20ರ ಗೆರೆಯಲ್ಲಿ 0.5 ಎಂಎಲ್, ಅಂದರೆ 50 ಯುನಿಟ್. ಸಿರಿಂಜು ಮಾತ್ರ ಕೇಳಿಕೊಂಡು ಬಂದವರಿಗೂ ವಯಲ್ ತೋರಿಸಿ ಎನ್ನಿ, ಅದರ ಮೇಲಿನ ಸಂಖ್ಯೆ ಓದಿ ಕೊಡಿ.

ತಿಂಗಳಿಗೆ ಎಷ್ಟು? ಬೆಳಿಗ್ಗೆ 18, ರಾತ್ರಿ 12 ಯುನಿಟ್ ಒಂದೇ ಮಿಶ್ರ ಇನ್ಸುಲಿನ್ ಎಂದರೆ ದಿನಕ್ಕೆ 30, ತಿಂಗಳಿಗೆ 900. 40ರ 10 ಎಂಎಲ್ ವಯಲ್‌ನಲ್ಲಿ 400 ಯುನಿಟ್ ಇರುತ್ತದೆ, ಮೂರು ವಯಲ್ ಬೇಕು. 3 ಎಂಎಲ್ ಕಾರ್ಟ್ರಿಜ್‌ನಲ್ಲಿ 300 ಯುನಿಟ್, ಹಾಗಾಗಿ ಮೂರೇ ಸಾಕು ಅನ್ನಿಸುತ್ತದೆ. ಆದರೆ ಪ್ರತಿ ಸಲ ಚುಚ್ಚುವ ಮುನ್ನ ಗಾಳಿ ತೆಗೆಯಲು 2 ಯುನಿಟ್ ಹೊರಬಿಡಬೇಕು. ದಿನಕ್ಕೆ 34 ಆಯಿತು, ತಿಂಗಳಿಗೆ 1020. ನಾಲ್ಕು ಕಾರ್ಟ್ರಿಜ್ ಕೊಡಿ. ಇಲ್ಲದಿದ್ದರೆ 27ನೇ ದಿನ ಪೆನ್ ಖಾಲಿಯಾಗುತ್ತದೆ. ಕಡಿಮೆ ಡೋಸಿನವರ ಲೆಕ್ಕ ಬೇರೆ. ದಿನಕ್ಕೆ 8 ಯುನಿಟ್ ಮಾತ್ರ ತೆಗೆದುಕೊಳ್ಳುವವರಿಗೆ ಒಂದು ವಯಲ್ 50 ದಿನ ಬರುತ್ತದೆ ಎಂದು ಗಣಿತ ಹೇಳಿದರೂ, ತೆರೆದ ವಯಲ್ ಅನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಬಿಸಾಡಬೇಕು.

ಮಾತ್ರೆ ಎಣಿಕೆ

1-0-1, ಐದು ದಿನ ಎಂದರೆ ಹತ್ತು ಮಾತ್ರೆ. ಇಲ್ಲಿ ವಿವರಿಸುವುದೇನೂ ಇಲ್ಲ. ಏರಿಳಿಯುವ ಡೋಸಾದರೆ ಪ್ರತಿ ಹಂತವನ್ನು ಬೇರೆ ಬೇರೆ ಬರೆದು ಕೂಡಿಸಿ: ಪ್ರೆಡ್ನಿಸೊಲೋನ್ 40, 30, 20, 10 ಎಂಜಿ, ಒಂದೊಂದೂ ಐದು ದಿನ, 10 ಎಂಜಿ ಮಾತ್ರೆಯಲ್ಲಿ 20 + 15 + 10 + 5, ಒಟ್ಟು 50.

ಭೇದಿಯ ಮಗುವಿಗೆ ಕೊಡುವ ಜಿಂಕ್ 14 ದಿನದ ಕೋರ್ಸ್. ಆರು ತಿಂಗಳು ದಾಟಿದವರಿಗೆ 20 ಎಂಜಿಯ 14 ಮಾತ್ರೆ. ಎರಡರಿಂದ ಆರು ತಿಂಗಳ ಒಳಗಿನವರಿಗೆ ಅರ್ಧರ್ಧ, ಅಂದರೆ 7 ಮಾತ್ರೆ. ಹತ್ತರ ಸ್ಟ್ರಿಪ್ ಕೈಗೆ ಬಂತೆಂದು ಹತ್ತೇ ಕೊಟ್ಟು ಕಳಿಸಬಾರದು.

ಮೆಥೊಟ್ರೆಕ್ಸೇಟ್ ಮಾತ್ರ ಎಣಿಸುವಾಗ ನಿಲ್ಲಬೇಕಾದ ಔಷಧ. ಕೀಲುವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ವಾರಕ್ಕೆ 7.5 ಎಂಜಿ ಎಂದರೆ 2.5ರ ಮೂರು ಮಾತ್ರೆ, ನಾಲ್ಕು ವಾರಕ್ಕೆ 12. ದಿನವೂ ನುಂಗಿದರೆ ಮೂಳೆಮಜ್ಜೆ ಕುಸಿದು ಜೀವ ಹೋಗಬಹುದು. ಕವರಿನ ಮೇಲೆ ‘ಪ್ರತಿ ಸೋಮವಾರ ಮಾತ್ರ 3 ಮಾತ್ರೆ’ ಎಂದು ವಾರದ ಹೆಸರು ಹಾಕಿ ಬರೆಯಿರಿ. 30 ಮಾತ್ರೆ ಕೇಳಿದರೆ ದಿನಾ ನುಂಗುತ್ತಿದ್ದಾರೆಯೇ ಎಂದು ಅಲ್ಲೇ ವಿಚಾರಿಸಿ.

ಶೇಕಡಾ ಮತ್ತು ಅನುಪಾತ

ಶೇಕಡಾ 1 ಎಂದರೆ 100 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ 1 ಎಂಎಲ್‌ನಲ್ಲಿ 10 ಎಂಜಿ. ಶೇಕಡಾ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಎಂಎಲ್‌ಗೆ ಎಷ್ಟು ಎಂಜಿ ಎಂದು ಸಿಗುತ್ತದೆ. ಲಿಗ್ನೊಕೇನ್ 2% ಎಂದರೆ 20 ಎಂಜಿ. ಪೊಟ್ಯಾಸಿಯಂ ಕ್ಲೋರೈಡ್ 15%, 10 ಎಂಎಲ್ ಆಂಪೂಲ್‌ನಲ್ಲಿ ಒಂದೂವರೆ ಗ್ರಾಂ, ಸುಮಾರು 20 ಮಿಲಿಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಇನ್ನೊಂದು ಮಾನ); ಅದನ್ನು ಎಂದೂ ದುರ್ಬಲಗೊಳಿಸದೆ ರಕ್ತನಾಳಕ್ಕೆ ಕೊಡುವಂತಿಲ್ಲ, ಆದ್ದರಿಂದ ಡಿಸ್ಟಿಲ್ಡ್ ವಾಟರ್ ಆಂಪೂಲ್‌ಗಳ ಪಕ್ಕ ಇಡಲೂ ಬಾರದು. ಅಡ್ರಿನಲಿನ್ 1:1000 ಎಂದರೆ 1000 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ ಎಂಎಲ್‌ಗೆ 1 ಎಂಜಿ.

ದುರ್ಬಲಗೊಳಿಸುವಾಗ ಆಗುವ ತಪ್ಪು ಸಾಮಾನ್ಯವಾಗಿ ಒಂದೇ. 5% ಹೈಪೊಕ್ಲೋರೈಟ್ ಎಂಬ ಸೋಂಕುನಿವಾರಕ ದ್ರಾವಣವನ್ನು 1% ಮಾಡಲು ಒಟ್ಟು ಅಳತೆ ಐದು ಪಟ್ಟು ಆಗಬೇಕು, ಐದು ಪಾಲು ನೀರು ಸೇರಿಸುವುದಲ್ಲ. ಒಂದು ಪಾಲು ದ್ರಾವಣ, ನಾಲ್ಕು ಪಾಲು ನೀರು: ಲೀಟರಿಗೆ 200 ಎಂಎಲ್ ಮತ್ತು 800 ಎಂಎಲ್. ಐದು ಪಾಲು ನೀರು ಹಾಕಿದರೆ 0.83% ಆಗುತ್ತದೆ.

ಕವರಿನ ಮೇಲೆ ಬರೆಯುವುದು

ಲೆಕ್ಕ ಸರಿಯಿದ್ದು ಬರವಣಿಗೆ ಕೆಡಿಸುವುದೂ ಉಂಟು. ಅರ್ಧವನ್ನು 0.5 ಎಂದೇ ಬರೆಯಿರಿ, ಬರೀ .5 ಎಂದರೆ ಬಿಂದು ಅಳಿಸಿ 5 ಆಗುತ್ತದೆ. ಐದನ್ನು 5.0 ಎಂದು ಬರೆದರೆ 50 ಎಂದು ಓದುತ್ತಾರೆ. ಥೈರಾಕ್ಸಿನ್‌ಗೆ ಮೈಕ್ರೊಗ್ರಾಂ ಎಂದು ಪೂರ್ತಿ ಬರೆಯಿರಿ, ಅದು ಎಂಜಿಗಿಂತ ಸಾವಿರ ಪಟ್ಟು ಚಿಕ್ಕದು. ಕನ್ನಡ ಅಂಕಿಗಳಲ್ಲಿ ಬರೆಯುವ ಅಭ್ಯಾಸ ಇರುವವರು ೧ ಮತ್ತು ೦ ಎರಡನ್ನೂ ಗಮನಿಸಿ: ಅವಸರದ ಕೈಬರಹದಲ್ಲಿ ೧ರ ಬಾಯಿ ಮುಚ್ಚಿಕೊಂಡರೆ ಸೊನ್ನೆಯೇ. ಅಲ್ಲಿ ‘ಒಂದು’ ಎಂದು ಅಕ್ಷರದಲ್ಲೇ ಬರೆದುಬಿಡಿ.

‘ದಿನಕ್ಕೆ ಎರಡು’ ಎಂಬ ಮಾತು ಸಾಲದು. ಎರಡೂ ಒಟ್ಟಿಗೋ, ಬೆಳಿಗ್ಗೆ ಒಂದು ರಾತ್ರಿ ಒಂದೋ? ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದಮೇಲೆ’ ಎಂದು ಬರೆದು, ಬಾಯಲ್ಲೂ ಹೇಳಿ. ‘ಒಂದು ಚಮಚ’ ಎನ್ನಲೇಬೇಡಿ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ.

3.5 ಎಂಎಲ್‌ನಂಥ ಡೋಸಿಗೆ ಬಾಟಲಿಯ ಮುಚ್ಚಳ ಸಾಲದು, ಅದರಲ್ಲಿ 2.5 ಮತ್ತು 5ರ ಗೆರೆ ಮಾತ್ರ ಇರುತ್ತದೆ. ಸೂಜಿ ಇಲ್ಲದ 5 ಎಂಎಲ್ ಸಿರಿಂಜು ಕೊಡಿ, 3.5ರ ಗೆರೆಗೆ ಮಾರ್ಕರ್‌ನಿಂದ ಗುರುತು ಹಾಕಿ. ತಾಯಿಯ ಕೈಗೆ ಕೊಟ್ಟು ಒಂದು ಲೋಟ ನೀರಿನಿಂದ ಅಲ್ಲೇ ಎಳೆಸಿ. ಗುಳ್ಳೆ ಬಂದರೆ ನೀರನ್ನು ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಲು ಹೇಳಿ, ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಲು ಹೇಳಿ. ಆ ಗುರುತು ಈ ಒಂದು ಬಾಟಲಿಗೆ ಮಾತ್ರ ಎಂದು ತಿಳಿಸಿ, ಸಿರಿಂಜನ್ನು ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಕಳಿಸಿ.