ಕಲಬುರಗಿ ಕಡೆಯವರಿಗೆ ಫಾರ್ಮಸಿ ಸೀಟು ಸಿಗುವುದು ಹೇಗೆ

ಪ್ರತಿ ವರ್ಷ ಪಿಯು ರಿಸಲ್ಟ್ ಬಂದ ವಾರ ಯಾರಾದರೊಬ್ಬರು ಮಾಲ್ಪುರಿ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. "ಮಗಳಿಗೆ ಬಿ.ಫಾರ್ಮ ಸೀಟು ಬೇಕ್ರಿ, ನೀವು ಅದನ್ನೇ ಓದೀರಿ, ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳ್ರಿ." ಮಾಲ್ಪುರಿ ಇಟ್ಟುಕೊಳ್ಳುತ್ತೇನೆ. ಆದರೆ ಸರ್ಕಾರಿ ಕೋಟಾದ ಸೀಟು ಪ್ರಿನ್ಸಿಪಾಲರ ಕೈಯಲ್ಲಿ ಇರುವುದೇ ಇಲ್ಲ. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ರ‍್ಯಾಂಕ್ ಮತ್ತು ಮೀಸಲಾತಿ ನೋಡಿ ಅದನ್ನು ಹಂಚುತ್ತೆ. ಇನ್ನೊಂದು ಮಾತು: ರಿಸಲ್ಟ್ ಬಂದ ಮೇಲೆ ವಿಚಾರಿಸಲು ಶುರು ಮಾಡಿದರೆ ಲೇಟಾಯಿತು ಅಂತಲೇ ಲೆಕ್ಕ, ಯಾಕಂದರೆ ಸಿಇಟಿಗೆ ಅರ್ಜಿ ಹಾಕುವುದು ಅದಕ್ಕಿಂತ ಮೊದಲೇ ಶುರುವಾಗಿರುತ್ತೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಫಾರ್ಮಸಿಗೆ ನೀಟ್ ಬೇಕಾ? ಬೇಡ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಇರಲೇಬೇಕು, ಜೊತೆಗೆ ಬಯಾಲಜಿ ಅಥವಾ ಮ್ಯಾಥ್ಸ್ ಯಾವುದಾದರೂ ಒಂದು ಸಾಕು. ಸಿಇಟಿ ಮೂಲಕ ಹೋಗುವವರಿಗೆ ಈ ಮೂರು ವಿಷಯ ಸೇರಿ ಶೇಕಡಾ 45 ಬೇಕು, ಅಂದರೆ 300ಕ್ಕೆ 135. ಮೀಸಲಾತಿ ವರ್ಗದವರಿಗೆ 40. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಟ್ಟು ಬರಬೇಡಿ.

ಈಗ ನಮ್ಮ ಭಾಗದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ್ದು 371ಜೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ವಿಧಿ ಇದು, ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ ತಂದದ್ದು. ಕಲಬುರಗಿ, ಬೀದರ್, ಯಾದಗಿರಿ ಸೇರಿದಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಹಂಚುವ ಸೀಟುಗಳಲ್ಲಿ ಶೇಕಡಾ 70 ಸ್ಥಳೀಯರಿಗೇ, ಹೊರಗಡೆ ಬೆಂಗಳೂರಿನಂಥ ಕಡೆ ಶೇಕಡಾ 8. ಇದರಿಂದ ಎಷ್ಟು ಅನುಕೂಲ ಅಂತ ಬೇರೆ ಹೇಳಬೇಕಾ? ಆದರೆ ಇಲ್ಲೇ ಹುಟ್ಟಿ ಇಲ್ಲೇ ಬೆಳೆದೆ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು, ಅರ್ಜಿಯಲ್ಲಿ ಅದನ್ನು ನಮೂದಿಸಿಯೂ ಇರಬೇಕು.

ನನ್ನ ತಮ್ಮನ ಕಥೆ ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಶರಣಪ್ಪ, ಆಧಾರ್‌ನಲ್ಲಿ ಶರಣಬಸಪ್ಪ. ಅಷ್ಟಕ್ಕೇ ಒಂದು ಕಚೇರಿಯಲ್ಲಿ ಅರ್ಜಿ ಮೂರು ವಾರ ಕೂತಿತು, ಅಫಿಡವಿಟ್ ತನ್ನಿ ಅಂದರು, ತಂದ ದಿನ ಸಾಹೇಬರು ರಜೆ. ಪ್ರಮಾಣಪತ್ರ ಬಂದಾಗ ದಾಖಲೆ ಪರಿಶೀಲನೆ ಮುಗಿದು ಎರಡು ದಿನವಾಗಿತ್ತು. ಆ ವರ್ಷ ಅವನಿಗೆ ಸಾಮಾನ್ಯ ಲೆಕ್ಕದಲ್ಲೇ ನಿಲ್ಲಬೇಕಾಯಿತು. ಅದಕ್ಕೇ ಹೇಳುವುದು, ದ್ವಿತೀಯ ಪಿಯುಸಿ ಶುರುವಾದ ತಿಂಗಳಲ್ಲೇ ನಾಡಕಚೇರಿಗೆ ಹೋಗಿ. ಜಾತಿ, ಆದಾಯದ ಪ್ರಮಾಣಪತ್ರವೂ ಅಲ್ಲೇ ಆಗುತ್ತೆ, ಅದರ ಮೇಲಿರುವ ಆರ್‌ಡಿ ನಂಬರ್ ಅರ್ಜಿಯಲ್ಲಿ ಕೇಳುತ್ತಾರೆ.

ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಬೇರೆ ಇದೆ. ಕೆಇಎ ಕಟಾಫ್ ಪಟ್ಟಿಯಲ್ಲಿ ಆರ್, ಕೆ ಅಂತ ಕಾಣುವುದು ಇವೇ. ನಮ್ಮ ಚಿಂಚೋಳಿ, ಶಹಾಪುರ ಕಡೆಯ ಎಷ್ಟೋ ಮಕ್ಕಳಿಗೆ ಎರಡೂ ಅನ್ವಯಿಸುತ್ತೆ, ಆದರೂ ಟಿಕ್ ಹಾಕಿರುವುದಿಲ್ಲ!

ರ‍್ಯಾಂಕ್ ಬಂದಾಗ ಫಾರ್ಮಸಿ ರ‍್ಯಾಂಕನ್ನೇ ನೋಡಿ, ಎಂಜಿನಿಯರಿಂಗ್ ರ‍್ಯಾಂಕ್ ನೋಡಿ ಗಾಬರಿಯಾಗಬೇಡಿ. ಎರಡೂ ಬೇರೆ ಬೇರೆ. ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಇಲ್ಲಿ ಜನ ಜಾಸ್ತಿ ತಲೆ ಓಡಿಸಿ ಕೆಡಿಸಿಕೊಳ್ಳುತ್ತಾರೆ. ಕಂಪ್ಯೂಟರು ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತೆ, ಖಾಲಿ ಇರುವ ಮೊದಲ ಸೀಟು ಕೊಟ್ಟು ನಿಂತುಬಿಡುತ್ತೆ. ಅಷ್ಟೇ. ಸೇಡಂ ರಸ್ತೆಯ ಎಚ್‌ಕೆಇ ಸಂಸ್ಥೆಯ ಕಾಲೇಜೇ ಬೇಕು ಅಂದರೆ ಅದನ್ನೇ ಮೊದಲು ಹಾಕಿ, ಸಿಗಲ್ಲವೇನೋ ಅಂತ ಹೆದರಿ ಕೆಳಗೆ ಇಡಬೇಡಿ. ಮೇಲೆ ಹಾಕಿದ್ದಕ್ಕೆ ನಷ್ಟವೇನಿಲ್ಲ. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ, ಸುಮ್ನೆ ಅದೇ ಬಂದು ಕೂರುತ್ತೆ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಗೆ ಬರುವುದು. ಮೂರು ಒತ್ತುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ, ಹೋದ ಸೀಟು ವಾಪಸ್ ಬರಲ್ಲ.

ರ‍್ಯಾಂಕ್ ಕೈಕೊಟ್ಟರೆ ಎರಡು ವರ್ಷದ ಡಿಪ್ಲೊಮಾ, ಡಿ.ಫಾರ್ಮ ಇದೆ. ಅದಕ್ಕೆ ಸಿಇಟಿ ಬೇಕಿಲ್ಲ. ಮುಗಿಸಿ ಬಿ.ಫಾರ್ಮ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿಯಲ್ಲಿ ಬರಬಹುದು. ಮೆಡಿಕಲ್ ಶಾಪ್ ಇಡುವ ಆಸೆಯಿದ್ದರೆ ನನ್ನ ಪ್ರಕಾರ ಇದೇನೂ ಕಡಿಮೆ ದಾರಿ ಅಲ್ಲ. ಮ್ಯಾನೇಜ್‌ಮೆಂಟ್ ಸೀಟು ಮಾತ್ರ ಕಾಲೇಜಿನವರೇ ನೇರವಾಗಿ ಕೊಡುತ್ತಾರೆ, ದುಡ್ಡು ಕೊಡುವ ಮೊದಲು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಅನುಮತಿ ಈ ವರ್ಷಕ್ಕೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿ. ಅನುಮತಿ ಇಲ್ಲದ ಕಾಲೇಜಿನಲ್ಲಿ ಓದಿದರೆ ಫಾರ್ಮಸಿಸ್ಟ್ ಅಂತ ನೋಂದಣಿಯೇ ಆಗುವುದಿಲ್ಲ.

ಮರೆಯುವ ಮುಂಚೆ ಇನ್ನೊಂದು. ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ತುಂಬಿಸುವಾಗ ಅಂಗಡಿಯವನ ಮೊಬೈಲ್ ನಂಬರ್ ಹಾಕಿಸಬೇಡಿ. ಆಪ್ಷನ್ ಎಂಟ್ರಿ ದಿನ ಒಟಿಪಿ ಅವನಿಗೆ ಹೋಗುತ್ತೆ, ಅವನು ಅಂಗಡಿ ಮುಚ್ಚಿ ಬಂದೇನವಾಜ್ ಉರುಸಿಗೆ ಹೋಗಿರುತ್ತಾನೆ.